ಅಟ್ಟದ ಮೇಲಿನ ಗೊಂಬೆ ಯಾರ ಕೈಯದು?

ಗ್ರಂಥಕ್ಕೆ ಗ್ರಂಥಕರ್ತನ ಅಂಕಿತವುಂಟು, ದೇವಾಲಯಕ್ಕೆ ಶಾಸನವುಂಟು, ಹಿತ್ತಾಳೆಯ ಕೊಡದ ಕಂಠದಲ್ಲಿಯೂ ಅದನ್ನು ಉಡುಗೊರೆಯಾಗಿ ಕೊಟ್ಟವರ ಹೆಸರನ್ನು ಕೊರೆಯಿಸುವುದು ನಮ್ಮವರ ವಾಡಿಕೆ. ಮಕ್ಕಳ ಆಟದ ಸಾಮಾನಿಗೆ ಮಾತ್ರ ಈ ಭಾಗ್ಯವಿಲ್ಲ. ಮಗುವಿನ ಕೈಯಲ್ಲಿ ಸವೆಯಲೆಂದೇ ಹುಟ್ಟಿದ ವಸ್ತುವಿನ ಮೇಲೆ ತನ್ನ ಹೆಸರನ್ನು ಬರೆಯಬೇಕೆಂದು ಕುಶಲಕರ್ಮಿಗೆ ತೋರುವುದಿಲ್ಲ. ಆದಕಾರಣ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ಗಂಟು ಕಟ್ಟಿಟ್ಟ ಗೊಂಬೆಗಳನ್ನೂ ಗೋಲಿಗಳನ್ನೂ ಇಳಿಸಿ ನೋಡಿದವರು, “ಇವನ್ನು ಮಾಡಿದವರಾರು?” ಎಂದು ಕೇಳಿಕೊಂಡು, ಉತ್ತರ ದೊರೆಯದೆ ಮತ್ತೆ ಗಂಟು ಕಟ್ಟಿಡುತ್ತಾರೆ, ಇಲ್ಲವೆ ಹಳೆಯ ಸಾಮಾನು ಕೊಳ್ಳುವವನ ತಕ್ಕಡಿಗೆ ಹಾಕುತ್ತಾರೆ.

ಉತ್ತರವು ಅಷ್ಟೇನೂ ದುರ್ಲಭವಲ್ಲವೆಂಬುದೇ ನಮ್ಮ ಇಂದಿನ ಮಾತು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಹೆಸರಿಲ್ಲದ ವಸ್ತುವಿನಲ್ಲಿಯೂ ಹೊಗೆಯಂತಹ ಕುರುಹುಗಳಿರುತ್ತವೆ. ಕೈ ನಡೆದ ದಾರಿಯು ವಸ್ತುವಿನ ಮೇಲೆ ಉಳಿದೇ ಉಳಿಯುತ್ತದೆ. ಅದನ್ನು ಓದುವ ಕ್ರಮವನ್ನು ಅರಿಯಬೇಕು, ಅಷ್ಟೆ.

ಮೊದಲು ಗಾಜಿನ ಗೋಲಿಯನ್ನೇ ತೆಗೆದುಕೊಳ್ಳೋಣ. ಪರದೇಶಗಳಲ್ಲಿ ಹಳೆಯ ಗೋಲಿಗಳನ್ನು ರತ್ನಗಳಂತೆ ಸಂಗ್ರಹಿಸಿ, ಅವುಗಳ ಕರ್ತೃಗಳನ್ನು ನಿರ್ಣಯಿಸುವ ವಿದ್ಯೆಯೇ ಬೆಳೆದಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಜರ್ಮನಿಯ ಲೌಷಾ ಎಂಬ ಊರಿನ ಗಾಜುಗಾರರು ಬಣ್ಣದ ಎಳೆಗಳನ್ನೊಳಗೊಂಡ ಕಾದ ಗಾಜಿನ ಕಡ್ಡಿಯನ್ನು ವಿಶೇಷವಾದ ಕತ್ತರಿಯಿಂದ ತುಂಡರಿಸಿ ಗೋಲಿ ಮಾಡುತ್ತಿದ್ದರು. ಕತ್ತರಿ ತಾಗಿದ ಎರಡು ತುದಿಗಳಲ್ಲಿ ಒರಟಾದ ಕಲೆಯುಳಿಯುತ್ತಿತ್ತು. ಆ ಕಲೆಯೇ ಕೈಕೆಲಸದ ಸಾಕ್ಷಿ. ಅಮೆರಿಕೆಯ ಏಕ್ರನ್ ನಗರದ ಮಾರ್ಟಿನ್ ಕ್ರಿಸ್ಟೆನ್‌ಸನ್ ೧೯೦೫ರಲ್ಲಿ ಗೋಲಿಯನ್ನುರುಳಿಸುವ ಯಂತ್ರಕ್ಕೆ ಹಕ್ಕುಪತ್ರವನ್ನು ಪಡೆದನು. ಅವನ ಗೋಲಿಗಳ ಒಂದು ತುದಿಯಲ್ಲಿ ಇಂಗ್ಲಿಷಿನ ಒಂಬತ್ತರ ಅಂಕಿಯಂತಹ ಸುರುಳಿಯಿರುವುದುಂಟು. ಅದೇ ನಗರದಲ್ಲಿ ಹುಟ್ಟಿ, ೧೯೧೪ರಲ್ಲಿ ಕ್ಲಾರ್ಕ್ಸ್‌ಬರ್ಗ್ ಎಂಬಲ್ಲಿಗೆ ಹೋಗಿ, ೧೯೫೧ರಲ್ಲಿ ಮುಚ್ಚಿದ ಏಕ್ರೋ ಅಗೇಟ್ ಕಂಪನಿಯ ಗೋಲಿಗಳಲ್ಲಿ ಬಣ್ಣದ ಪಟ್ಟಿಯು ತಿರುಪು ಮೊಳೆಯ ಸುತ್ತಿನಂತೆ, ತನ್ನನ್ನು ತಾನೆಲ್ಲಿಯೂ ಮುಟ್ಟದೆ, ಒಂದು ತುದಿಯಿಂದ ಇನ್ನೊಂದಕ್ಕೆ ಸುತ್ತಿಹೋಗುತ್ತದೆ. ಹೆಸರೆಲ್ಲಿಯೂ ಇಲ್ಲ, ಆದರೂ ಬಲ್ಲವರಿಗೆ ಸುತ್ತೇ ಸಹಿ. ನಮ್ಮ ಗಂಟಿನಲ್ಲಿ ಪಟ್ಟೆಯಿಲ್ಲದ, ತಿಳಿಹಸುರು ಬಣ್ಣದ ಗೋಲಿಯು ಸಿಕ್ಕಿದರೆ, ಅದು ಆಟಕ್ಕಾಗಿ ಹುಟ್ಟಿದುದಲ್ಲದೆ, ಒಡೆದ ಸೋಡಾ ಸೀಸೆಯ ಕಂಠದಿಂದ ಹುಡುಗರ ಕಿಸೆಗೆ ಬಂದುದಾಗಿರಬಹುದು. ಹೈರಮ್ ಕಾಡ್ ಎಂಬ ಆಂಗ್ಲನು ೧೮೭೨ರಲ್ಲಿ ಹಕ್ಕುಪತ್ರ ಪಡೆದ ಸೀಸೆಯೇ ನಮ್ಮ ಗೋಲಿ ಸೋಡಾದ ಸೀಸೆ.

ಗೋಲಿಯು ಹೊರಗಿನಿಂದ ಬಂದ ವಸ್ತು; ಗೊಂಬೆಯು ಹಾಗಲ್ಲ. ಕೊಪ್ಪಳಕ್ಕೆ ಸಮೀಪದಲ್ಲಿಯೇ ಕಿನ್ನಾಳವೆಂಬ ಗ್ರಾಮವಿದೆ. ಅಲ್ಲಿಯ ಚಿತ್ರಗಾರ ಮನೆತನಗಳವರು ತಲೆತಲಾಂತರದಿಂದ ಮರದ ಗೊಂಬೆ, ಗರುಡ, ಬಸವಣ್ಣ, ಗೌರಿ, ಕಾಮ-ರತಿಯರ ವಿಗ್ರಹ, ತೊಟ್ಟಿಲು, ಪಲ್ಲಕ್ಕಿ ಮೊದಲಾದುವನ್ನು ಮಾಡುತ್ತ ಬಂದಿದ್ದಾರೆ. ಹಂಪೆಯ ವಿರೂಪಾಕ್ಷ ದೇವಾಲಯದ ಛಾವಣಿಯ ವರ್ಣಚಿತ್ರಗಳು ತಮ್ಮ ಪೂರ್ವಿಕರ ಕೈಕೆಲಸವೆಂದು ಅವರಲ್ಲಿ ನಂಬಿಕೆಯಿದೆ. ಒಂದು ಮನೆಯಲ್ಲಿ ದೊರೆತ ಹಳೆಯ ಕಾಗದದ ರೇಖಾಪ್ರತಿಗಳನ್ನು ಇದಕ್ಕೆ ಆಧಾರವಾಗಿ ತೋರಿಸುವುದುಂಟು. ಹಾಗಿದ್ದರೆ, ನಮ್ಮ ಅಟ್ಟದ ಮೇಲಿನ ಗೊಂಬೆ ಕಿನ್ನಾಳದ್ದೇ, ಪರಸ್ಥಳದ್ದೇ ಎಂಬುದನ್ನು ತಿಳಿಯುವುದು ಹೇಗೆ?

ಮೊದಲು ಗೊಂಬೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿರಿ. ಕಿನ್ನಾಳದ ಗೊಂಬೆ ಹಗುರ. ಅದಕ್ಕೆ ಪೊಳಕಿ ಎಂಬ ಮೆದು ಮರವನ್ನು ಬಳಸುತ್ತಾರೆ. ಬಳಿಕ ಮೈಯ ದುಂಡನ್ನು ಪರೀಕ್ಷಿಸಿರಿ. ಚನ್ನಪಟ್ಟಣದ ಗೊಂಬೆಯು ಹಾಲೆ ಮರವನ್ನು ತಿರುಗಣಿಗೆ ಕೊಟ್ಟು ಕಡೆದುದಾದ್ದರಿಂದ ಎಲ್ಲ ಕಡೆಯೂ ಸಮವಾಗಿ ದುಂಡಾಗಿರುತ್ತದೆ. ತಿರುಗುತ್ತಿರುವಾಗಲೇ ಅರಗಿನ ಬಣ್ಣದ ಕಡ್ಡಿಯನ್ನೊತ್ತಿ, ಕೇದಗೆಯ ಗರಿಯಿಂದ ಉಜ್ಜಿ ಹೊಳಪು ತರುವುದರಿಂದ ಬಣ್ಣವು ಉಂಗುರ ಉಂಗುರವಾಗಿ ಸುತ್ತಿರುತ್ತದೆ. ಕಿನ್ನಾಳದವರು ಉಳಿಯಿಂದ ಕೆತ್ತಿ, ಕುಂಚದಿಂದ ಬಣ್ಣ ಬರೆಯುವವರು. ಅಲ್ಲಿ ಉಂಗುರಗಳಿಲ್ಲ, ಬಲಗೆನ್ನೆ ಎಡಗೆನ್ನೆಗಳು ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತವೆ. ಇಷ್ಟರಿಂದಲೇ ಚನ್ನಪಟ್ಟಣದ ಶಂಕೆಯು ಪರಿಹಾರವಾಯಿತು.

ಮುಂದಿನ ಕುರುಹು ಮುರಿದ ಕಡೆಯಲ್ಲಿದೆ. ಮುರಿದ ಗೊಂಬೆಯು ಗೃಹಿಣಿಗೆ ಕಸ, ಪರೀಕ್ಷಕನಿಗೆ ಪುಸ್ತಕ. ಕಿನ್ನಾಳದವರು ಗೋಣಿಯ ಚಿಂದಿಯನ್ನು ನೆನೆಯಿಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟಿನೊಡನೆಯೂ ಹುಣಸೆಬೀಜದ ಅಂಟಿನೊಡನೆಯೂ ಕಲಸಿ ‘ಕಿಟ್ಟ’ವೆಂಬ ಮುದ್ದೆಯನ್ನು ಸಿದ್ಧಪಡಿಸುತ್ತಾರೆ. ಅವಯವಗಳನ್ನು ಕೂಡಿಸುವುದಕ್ಕೂ ಮೈ ತುಂಬುವುದಕ್ಕೂ ಅದೇ ಸಾಧನ. ಅದರ ಮೇಲೆ ಹತ್ತಿಯ ಬಟ್ಟೆಯ ಪಟ್ಟಿಗಳನ್ನು ಅದೇ ಅಂಟಿನಿಂದ ಅಂಟಿಸಿ, ಬಿಳಿಯ ಕಲ್ಲಿನ ಪುಡಿಯ ಲೇಪವನ್ನು ಕೊಟ್ಟು, ಬಳಿಕ ಬಣ್ಣ ಹಾಕುತ್ತಾರೆ. ಆದುದರಿಂದ ಅಂಚು ಕಿತ್ತ ಕಡೆಯಲ್ಲಿ ಬಣ್ಣ, ಬಿಳಿಯ ಪದರ, ಬಟ್ಟೆಯ ನೇಯ್ಗೆ, ಒಳಗೆ ಕಂದು ಮುದ್ದೆ ಅಥವಾ ಮರ, ಹೀಗೆ ಪದರಗಳು ಒಂದರ ಕೆಳಗೊಂದು ಕಾಣುತ್ತವೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಆಂಧ್ರದ ಕೊಂಡಪಲ್ಲಿಯವರೂ ಪೊಣಿಕಿ ಎಂಬ ಹಗುರ ಮರವನ್ನೇ ಕೆತ್ತಿ, ಮರದ ಹೊಟ್ಟು ಹುಣಸೆಬೀಜಗಳ ಅಂಟಿನಿಂದಲೇ ಅವಯವಗಳನ್ನು ಕೂಡಿಸುತ್ತಾರೆ. ಆದಕಾರಣ ಹಗುರವೆಂಬ ಅಥವಾ ಹುಣಸೆಯ ಅಂಟೆಂಬ ಒಂದೇ ಕಾರಣದಿಂದ ಗೊಂಬೆಯು ಕಿನ್ನಾಳದ್ದೆಂದು ಸಾಧಿಸಹೊರಟರೆ, ಅದು ಎರಡು ಕಡೆಗೂ ಸಲ್ಲುವ ಹೇತು. ತಾರ್ಕಿಕರು ಇದನ್ನು ವ್ಯಭಿಚಾರಿ ಹೇತುವೆಂದು ತಳ್ಳಿಹಾಕುತ್ತಾರೆ. ಒಂದು ಕುರುಹನ್ನು ನಂಬದೆ ಹಲವನ್ನು ಕೂಡಿಸಿ ನೋಡಬೇಕು. ಕಣ್ಣು ಮುಚ್ಚಿ, ಗೊಂಬೆಯ ಕೊರಳಿನ ಸರವನ್ನೂ ಕಿರೀಟವನ್ನೂ ಬೆರಳಿನಿಂದ ಸವರಿರಿ. ಕಿನ್ನಾಳದ ಚಿತ್ರಗಾರನು ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಕುಂಚದ ತುದಿಯಿಂದ ಹನಿಹನಿಯಾಗಿ ಇಟ್ಟು ಆಭರಣಗಳನ್ನು ಉಬ್ಬಿಸುತ್ತಾನೆ. ಮುತ್ತಿನ ಸಾಲು ಬೆರಳಿಗೇ ಎಣಿಸಲು ಸಿಗುವಂತಿರುತ್ತದೆ. ಹಳೆಯ ಕೆಲಸವಾದರೆ ಅದರ ಮೇಲೆ ‘ಲಾಜವಾರ’ವೆಂಬ ಲೋಹದ ಮೆರುಗು ಚಿನ್ನದಂತೆ ಮಾಸಿ ಹೊಳೆಯುತ್ತಿರಬಹುದು. ಪೇಟೆಯ ಡಬ್ಬಿಯ ಬಣ್ಣದ ಹೊಳಪು ಬೇರೆ. ಅದು ಮೈಯೆಲ್ಲ ಒಂದೇ ಸಮನಾಗಿ ಮಿರುಗುತ್ತದೆ. ಹಗುರ ಮರ, ಉಳಿಯ ಗುರುತು, ಬಟ್ಟೆಯ ಪದರ, ಉಬ್ಬಿದ ಆಭರಣ, ಈ ನಾಲ್ಕೂ ಒಂದೆಡೆ ಕೂಡಿದರೆ ಕಿನ್ನಾಳವೆಂದು ಹೇಳಲು ಸಂಕೋಚಪಡಬೇಕಾದುದಿಲ್ಲ.

ಊರು ತಿಳಿಯಿತು, ಮನೆತನ ಯಾವುದು? ಈ ಪ್ರಶ್ನೆಯು ಇನ್ನೂ ಸೂಕ್ಷ್ಮವಾದುದು. ಕಿನ್ನಾಳದ ಗೊಂಬೆಗಳಿಗೂ ಚನ್ನಪಟ್ಟಣದ ಗೊಂಬೆಗಳಿಗೂ ೧೯೯೯ರ ಶಾಸನದಂತೆ ಭೌಗೋಳಿಕ ಸೂಚಿಯ ಮನ್ನಣೆಯು ದೊರೆತಿರುವುದು ಸಂತೋಷದ ವಿಷಯ. ಆದರೆ ಆ ಮನ್ನಣೆಯು ಊರಿನ ಹೆಸರನ್ನು ಕಾಯುವುದೇ ಹೊರತು ಕೈಯ ಹೆಸರನ್ನು ಹೇಳುವುದಿಲ್ಲ. ಕೈಯನ್ನು ಗುರುತಿಸಬೇಕಾದರೆ ನಮಗೆ ತೋರುವಂತೆ ಕಣ್ಣನ್ನು ನೋಡಬೇಕು. ವಿಗ್ರಹಕ್ಕೆ ಕಣ್ಣು ತೆರೆಯುವುದನ್ನು ಶಾಸ್ತ್ರದಲ್ಲಿ ನೇತ್ರೋನ್ಮೀಲನವೆನ್ನುತ್ತಾರೆ. ಮರದ ಮೈಯನ್ನು ಮಗನು ಕೆತ್ತಬಹುದು, ಬಿಳಿಯ ಲೇಪವನ್ನು ಮನೆಯ ಹೆಂಗಸರು ಕೊಡಬಹುದು. ರೆಪ್ಪೆಯ ಗೆರೆಯನ್ನು ಮಾತ್ರ ಪಳಗಿದ ಕೈಯೇ ಎಳೆಯಬೇಕು. ಆ ಗೆರೆಯು ಎಲ್ಲಿ ದಪ್ಪವಾಗಿ ಎಲ್ಲಿ ಸಣ್ಣಗಾಗುತ್ತದೆ, ಹುಬ್ಬಿನ ತುದಿಯು ಮೇಲಕ್ಕೇಳುತ್ತದೆಯೆ ಕೆಳಗಿಳಿಯುತ್ತದೆಯೆ ಎಂಬುದು ಅಕ್ಷರದ ಓರೆಯಂತೆ ಕೈಯಿಂದ ಕೈಗೆ ಬೇರೆ. ಶಿಷ್ಯರ ಕಾಗದಗಳಲ್ಲಿ ಹೆಸರು ನೋಡದೆಯೇ ಅಕ್ಷರದಿಂದ ಹುಡುಗನನ್ನು ಗುರುತಿಸುವುದು ಉಪಾಧ್ಯಾಯ ವೃತ್ತಿಯಲ್ಲಿದ್ದವರೆಲ್ಲರಿಗೂ ರೂಢಿಯಾದ ವಿಷಯವಷ್ಟೆ.

ಆದರೆ ಓದಬೇಕಾದ ಬರಹವನ್ನು ನಾವೇ ಅಳಿಸಿದರೆ ಯಾರೇನು ಮಾಡಬಲ್ಲರು? ಯಲಬುರ್ಗಾ ಕಡೆಯ ಒಂದು ಮನೆಯಲ್ಲಿ ಹಳೆಯ ಗರುಡನನ್ನು ಕಂಡೆವು. ಮನೆಯವರು ಭಕ್ತಿಯಿಂದಲೇ, ಹಬ್ಬಕ್ಕೆ ಹೊಸದಾಗಿ ಕಾಣಲೆಂದು, ಬಾಗಿಲಿಗೆ ತಂದ ಎಣ್ಣೆಬಣ್ಣವನ್ನು ಅದಕ್ಕೂ ಬಳಿಸಿದ್ದರು. ಆಭರಣದ ಉಬ್ಬು ಬೆರಳಿಗೆ ತಾಗುತ್ತಿತ್ತು. ಕಣ್ಣಿನ ಗೆರೆ ಮಾತ್ರ ದಪ್ಪ ಬಣ್ಣದ ಕೆಳಗೆ ಹೂತುಹೋಗಿತ್ತು. ಊರು ತಿಳಿಯಿತು, ಕೈ ತಿಳಿಯಲಿಲ್ಲ.

ಆದಕಾರಣ ನಮ್ಮ ಗೃಹಸ್ಥರಲ್ಲಿಯೂ ಗೃಹಿಣಿಯರಲ್ಲಿಯೂ ನಮ್ಮ ವಿಜ್ಞಾಪನೆಯಿಷ್ಟೆ. ಹಳೆಯ ಗೊಂಬೆಯನ್ನು ನೀರಿನಿಂದ ತೊಳೆಯಬಾರದು. ಹುಣಸೆಯ ಅಂಟು ನೀರಿಗೆ ಬಿಡುತ್ತದೆ. ಒಣಗಿದ ಮೆದು ಅರಿವೆಯಿಂದ ಧೂಳನ್ನು ಹೊಡೆದರೆ ಸಾಕು. ಥಂಡಿ ತಾಗದ ಕಡೆ ಇಡಬೇಕು. ಕಿತ್ತುಬಂದ ಚೂರನ್ನು ಎಸೆಯದೆ ಕಾಗದದಲ್ಲಿ ಮಡಿಸಿ ಜೊತೆಯಲ್ಲಿಡಬೇಕು. ಹೊಸ ಬಣ್ಣವನ್ನು ಮೈಗೆ ತಾಗಿಸಲೇಬಾರದು. ಗೊಂಬೆಯು ಯಾರ ಮದುವೆಯಲ್ಲಿ ಬಂದಿತು, ಯಾವ ಜಾತ್ರೆಯಲ್ಲಿ ಕೊಂಡದ್ದು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಚೀಟಿಯಲ್ಲಿ ಬರೆದಿಡಬೇಕು. ಹಿರಿಯರ ನೆನಪು ನಮಗಾಗಿ ಕಾದಿರುವುದಿಲ್ಲ. ಬಳಿಕ ಒಂದು ದಿನ ಅದನ್ನು ಕಿನ್ನಾಳಕ್ಕೇ ಒಯ್ದು, ಕಸುಬನ್ನು ಬಿಡದೆ ಹಿಡಿದಿರುವ ಮನೆತನಗಳವರಿಗೆ ತೋರಿಸಬೇಕು. ಹೆಸರಿಲ್ಲದೆ ಮನೆ ಬಿಟ್ಟುಹೋದ ಕೆಲಸವನ್ನು ಅದೇ ಓಣಿಯ ಮೊಮ್ಮಗನೊಬ್ಬನು “ಇದು ನಮ್ಮ ಅಜ್ಜನ ಗೆರೆ” ಎಂದು ಗುರುತಿಸಿದರೆ, ಗೊಂಬೆಗೆ ಕರ್ತೃ ದೊರೆಯುವುದಷ್ಟೇ ಅಲ್ಲ. ಆ ಗೆರೆಯನ್ನು ಮುಂದುವರಿಸುವ ಉತ್ಸಾಹವೂ ಆ ಹುಡುಗನಿಗೆ ದೊರೆತೀತು.