ಬೆರಳಿಗೆ ಪಾಠ ಹೇಳುವ ಮೇಷ್ಟ್ರು

ಹಳೆಯ ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯ ದನದ ಡಾಕ್ಟರು ತಮ್ಮ ಹೆಸರಿನ ಮುಂದೆ ‘ಜಿ.ಬಿ.ವಿ.ಸಿ.’ ಎಂದು ಬರೆದುಕೊಳ್ಳುತ್ತಿದ್ದರು. ಬಾಂಬೆ ವೆಟರ್ನರಿ ಕಾಲೇಜಿನ ಪದವೀಧರ ಎಂದರ್ಥ. ಬೆಂಗಳೂರಿನ ಹೆಬ್ಬಾಳದ ಕಾಲೇಜು ಶುರುವಾದದ್ದು 1958ರಲ್ಲಿ. ಅದಕ್ಕೆ ಮೊದಲು ಆ ಜಿಲ್ಲೆಗಳ ಹುಡುಗರಿಗೆ ಮುಂಬಯಿಯ ಪರೇಲಿನಲ್ಲಿರುವ ಬಾಂಬೆ ಕಾಲೇಜೇ ಗತಿ.

1886ರಲ್ಲಿ ಹುಟ್ಟಿದ ಈ ಕಾಲೇಜಿನ ಮೊದಲ ಮುಖ್ಯಸ್ಥರು ಜಾನ್ ಹೆನ್ರಿ ಸ್ಟೀಲ್. ಪಕ್ಕದಲ್ಲೇ ದಿನ್‌ಶಾ ಪೆಟಿಟ್ ಅವರ ದಾನದಿಂದ ಎದ್ದ, ಅವರ ಪತ್ನಿ ಸಕರ್‌ಬಾಯಿ ಹೆಸರಿನ ಪ್ರಾಣಿಗಳ ಆಸ್ಪತ್ರೆ. ಈಗ ಕಾಲೇಜು ನಾಗಪುರದ ಮಹಾರಾಷ್ಟ್ರ ಪಶು ಮತ್ತು ಮತ್ಸ್ಯ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಇಲ್ಲಿ ಪಾಠ ಹೇಳುವುದೆಂದರೇನು? ಎಮ್ಮೆ ಗಬ್ಬವಾಗಿದೆಯೇ ಎಂದು ನೋಡುವ ಪಾಠವನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿ ಉದ್ದದ ಕೈಗವಸು ತೊಟ್ಟು, ಗುದದ್ವಾರದಿಂದ ತೋಳು ಇಳಿಸಿ, ಕರುಳಿನ ಗೋಡೆಯಾಚೆಗೆ ಗರ್ಭಕೋಶವನ್ನು ಬೆರಳಲ್ಲಿ ಹುಡುಕಬೇಕು. ಒಳಗೆ ಅವನ ಬೆರಳು ಏನನ್ನು ಮುಟ್ಟುತ್ತಿದೆಯೋ ಮೇಷ್ಟ್ರಿಗೆ ಕಾಣದು. ಅವರು ಕೇಳುತ್ತಾ ಹೋಗುತ್ತಾರೆ: ಮೆತ್ತಗಿದೆಯೇ, ಎರಡೂ ಕವಲು ಒಂದೇ ದಪ್ಪವೇ? ಅನುಮಾನ ಬಂದರೆ ತಾವೇ ಕೈಹಾಕಿ ನೋಡಿ, ಮತ್ತೆ ಅವನಿಗೇ ಬಿಡುತ್ತಾರೆ. ಸಾವಿರಾರು ದನ ಮುಟ್ಟಿದ ಕೈಯ ಅರಿವನ್ನು ಮಾತಿಗೆ ತರುವ ಈ ವಿದ್ಯೆಗೆ ಪುಸ್ತಕ ಸಾಲದು. ಅಧ್ಯಾಪನಗಳಲ್ಲೆಲ್ಲ ಇದು ಕಠಿಣವಾದದ್ದೆಂದೇ ನನ್ನ ನಂಬಿಕೆ. ರೋಗಿ ಬಾಯಿಬಿಟ್ಟು ಹೇಳುವುದಿಲ್ಲ, ಒದೆಯುವುದು ಮಾತ್ರ ಖಂಡಿತ.

ಈ ಮೇಷ್ಟ್ರ ಹುದ್ದೆಗೆ ದಾರಿ ಉದ್ದವೇ. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಬಿ.ವಿ.ಎಸ್ಸಿ., ಆಮೇಲೆ ಎಂ.ವಿ.ಎಸ್ಸಿ., ಹೆಚ್ಚಿನವರಿಗೆ ಪಿಎಚ್.ಡಿ.ಯೂ. ಸೇರಿದ ಮೇಲೆ ತರಗತಿಯೊಂದೇ ಅಲ್ಲ. ಚಿಕಿತ್ಸಾಲಯ, ಶವಪರೀಕ್ಷೆ, ಸಂಶೋಧನೆ ಎಲ್ಲವೂ ಹೆಗಲ ಮೇಲೆ.

ಮುಂಬಯಿ ಬೆಳೆದಂತೆ ಪಾಠವೂ ಹಿಗ್ಗಿದೆ. ಕಲ್ಯಾಣ, ಭಿವಂಡಿ ಕಡೆ ಎಮ್ಮೆಯ ತಬೇಲಗಳಿವೆ. ಅಲ್ಲಿ ಕೆಚ್ಚಲುಬಾವು, ಬರಡುತನದ್ದೇ ಚಿಂತೆ. ನವಿ ಮುಂಬಯಿ, ಠಾಣೆಯ ಫ್ಲಾಟುಗಳಲ್ಲಿ ನಾಯಿ, ಬೆಕ್ಕು. ಎರಡಕ್ಕೂ ಡಾಕ್ಟರನ್ನು ತಯಾರು ಮಾಡಬೇಕಾದವರು ಇದೇ ಮೇಷ್ಟ್ರುಗಳು.

ಡೊಂಬಿವಲಿಯ ಕನ್ನಡ ಮನೆಗಳಲ್ಲೂ ನೀಟ್ ಬರೆಯುವ ಮಕ್ಕಳಿದ್ದಾರೆ. ಎಂ.ಬಿ.ಬಿ.ಎಸ್. ಸಿಗದಿದ್ದರೆ ಬದುಕೇ ಮುಗಿಯಿತೆಂದು ಕೊರಗುವ ತಂದೆತಾಯಿಯರೇ, ಪಶುವೈದ್ಯಕ್ಕೂ ಅದೇ ನೀಟ್ ಅಂಕ ಸಾಕು. ಪರೇಲಿಗೆ ನಿಮ್ಮೂರಿಂದ ನೇರ ಲೋಕಲ್ ಇದೆ. ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ, ಒಂದು ಅರ್ಜಿ ಅಲ್ಲಿಗೂ ಹಾಕಿಸಿ.