ಉದ್ಯೋಗಾನ್ವೇಷಣೆಗೂ ಒಂದು ಕೀರ್ದಿ ಪುಸ್ತಕ

ಊರಿನಿಂದ ಹೊರಟ ಹುಡುಗನು ಪರಿಚಿತರೊಬ್ಬರ ಕಾಗದವನ್ನು ಕಿಸೆಯಲ್ಲಿಟ್ಟುಕೊಂಡು ಮುಂಬಯಿಗೆ ಬಂದಿಳಿದು, ಅಂದೇ ಸಂಜೆ ಯಾವುದಾದರೊಂದು ಹೋಟೆಲಿನ ಅಡುಗೆಮನೆಯನ್ನು ಸೇರುತ್ತಿದ್ದ ಕಾಲವೊಂದಿತ್ತು. ಹಗಲು ಕಪ್ಪು-ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಬ್ಯಾಂಕು ಕಚೇರಿಗಳ ಮೇಜನ್ನು ಸೇರಿದವರು ನಮ್ಮಲ್ಲಿ ಅನೇಕರಿದ್ದಾರೆ. ಆ ಕಾಗದದ ಬೆಲೆ ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ ಅದೊಂದನ್ನೇ ನಂಬಿ, "ಮಾವ ಹೇಳಿ ನೋಡುತ್ತೇನೆ ಎಂದಿದ್ದಾರೆ" ಎಂದು ಆರು ತಿಂಗಳು ಕಾಯುವ ತರುಣರನ್ನು ಕಂಡಾಗ ನಮಗೆ ಮರುಕವೂ ಆಗುತ್ತದೆ, ಕೊಂಚ ಸಿಟ್ಟೂ ಬರುತ್ತದೆ.

ಜೀವನದ ಬಹುಭಾಗವನ್ನು ಗಲ್ಲಾದ ಹಿಂದೆ ಕಳೆದ ನಮಗೆ ಗೊತ್ತಿರುವ ವಿದ್ಯೆಯೆಂದರೆ, ದಿನದ ಲೆಕ್ಕವನ್ನು ದಿನವೇ ಬರೆಯುವುದು. ಹಾಲೆಷ್ಟು ಬಂತು, ಉದ್ದೆಷ್ಟು ಸವೆಯಿತು, ಯಾರ ಬಾಕಿ ಎಷ್ಟು ಎಂಬುದನ್ನು ಬರೆದಿಡದ ಹೋಟೆಲು ವರ್ಷ ಬಾಳದು. ಹೀಗಿರಲು, ಕೆಲಸ ಹುಡುಕುವವನು ಮಾತ್ರ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಳ್ಳುವುದೇಕೆ? ೨೦ ಕಡೆ ಅರ್ಜಿ ಹಾಕಿ, ಅವರಲ್ಲೊಬ್ಬರು ದೂರವಾಣಿಯಲ್ಲಿ ಕರೆದಾಗ "ತಾವು ಯಾವ ಕಂಪನಿ, ಯಾವ ಕೆಲಸ?" ಎಂದು ತಿರುಗಿ ಕೇಳುವವನನ್ನು ಅವರು ಎರಡನೆಯ ಸಲ ಕರೆಯುವುದು ಕಷ್ಟ.

ನೂರು ಪುಟದ ನೋಟುಪುಸ್ತಕವೊಂದು ಸಾಕು. ತಾರೀಕು, ಸಂಸ್ಥೆ, ಹುದ್ದೆ, ಯಾರ ಮುಖಾಂತರ, ಬಂದ ಉತ್ತರವೇನು, ಮತ್ತೆ ಎಂದು ವಿಚಾರಿಸಬೇಕು ಎಂದು ಗೆರೆ ಹಾಕಿಕೊಳ್ಳಬೇಕು. ಮೊಬೈಲಿನಲ್ಲಿ ಬರೆದರೂ ಸರಿಯೇ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಗಿರಾಕಿಗಳು ಬರುವ ಮುನ್ನ ಸಿಗುವ ಬಿಡುವಿನಲ್ಲಿ ದಿನಕ್ಕೆರಡು ಅರ್ಜಿ, ಹಳೆಯದೊಂದರ ವಿಚಾರಣೆ. ಕೇಂದ್ರದ ಕಾರ್ಮಿಕ ಸಚಿವಾಲಯವು ೨೦೧೫ರಲ್ಲಿ ತೆರೆದ ನ್ಯಾಷನಲ್ ಕೆರಿಯರ್ ಸರ್ವಿಸ್ ಜಾಲತಾಣದಲ್ಲಿ ಹೆಸರು ದಾಖಲಿಸಲು ಕಾಸು ಕೊಡಬೇಕಾಗಿಲ್ಲ. ರಜೆ ಹಾಕಿ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಸಾಲಿನಲ್ಲಿ ನಿಂತಿದ್ದ ಹಿರಿಯರಿಗೆ ಇದರ ಸುಖ ತಿಳಿದೀತು.

ಅರ್ಜಿಯ ಒಕ್ಕಣೆಯ ವಿಷಯದಲ್ಲಿ ಕೊಂಚ ವಿಸ್ತರಿಸಿ ಹೇಳಬೇಕಾಗಿದೆ. ರಾತ್ರಿ ಓದಿ ಬಿ.ಕಾಂ. ಮುಗಿಸಿದ ಕ್ಯಾಶಿಯರ್ ತರುಣನೊಬ್ಬನು ನಮಗೆ ತೋರಿಸಿದ ಅರ್ಜಿಯಲ್ಲಿ 'ಅನುಭವ' ಎಂಬುದರ ಮುಂದೆ 'ಇಲ್ಲ' ಎಂದಿತ್ತು. ಆರು ವರ್ಷ ಗಲ್ಲಾ ನೋಡಿದವನು! ಹೋಟೆಲಿನ ಹೆಸರು ಬರೆದರೆ ಕಚೇರಿಯವರು ಕೀಳಾಗಿ ಕಂಡಾರೆಂಬ ಅಂಜಿಕೆ. ನಗದು, ಕಾರ್ಡು, ಯುಪಿಐ ಮೂರನ್ನೂ ದಿನದ ಕೊನೆಗೆ ತಾಳೆ ನೋಡಿದುದು, ಜಿ.ಎಸ್.ಟಿ. ಬಿಲ್ಲುಗಳನ್ನು ಜೋಡಿಸಿ ಲೆಕ್ಕಿಗರಿಗೆ ಒಪ್ಪಿಸಿದುದು, ಉಗ್ರಾಣದ ದಾಸ್ತಾನು ಬರೆದುದು, ತುಳು, ಕನ್ನಡ, ಮರಾಠಿ, ಹಿಂದಿಗಳಲ್ಲಿ ಗಿರಾಕಿಗಳ ತಕರಾರು ತೀರಿಸಿದುದು, ಇದು ಅನುಭವವಲ್ಲದೆ ಮತ್ತೇನು? ಪೆನ್ನು ಕೊಟ್ಟು ಅದನ್ನೆಲ್ಲ ಅಲ್ಲೇ ಬರೆಯಿಸಿದೆವು. ಪುಟ ತುಂಬಿತು. (ಇಂಗ್ಲಿಷನ್ನು ಬೇರೆಯವರಿಂದ ತಿದ್ದಿಸಿಕೊಳ್ಳೆಂದೂ ಹೇಳಿದೆವು, ನಮ್ಮ ಓದು ಎಸ್.ಎಸ್.ಎಲ್.ಸಿ.ಗೆ ನಿಂತಿದೆ.)

ಇನ್ನು ಹಣದ ಮಾತು. ಕೆಲಸ ಕೊಡುವೆನೆಂಬವನು ನೋಂದಣಿ, ಠೇವಣಿ, ಸಮವಸ್ತ್ರ ಎಂದು ಮೊದಲೇ ಹಣ ಕೇಳಿದರೆ ಪುಸ್ತಕದಲ್ಲಿ ಆ ಹೆಸರಿನ ಮೇಲೆ ಗೀಟೆಳೆಯಿರಿ. ಗಲ್ಫಿಗೆ ಕಳುಹಿಸುವ ಏಜೆಂಟನಿಗೆ ವಿದೇಶಾಂಗ ಸಚಿವಾಲಯದ ಪರವಾನಿಗೆ ಇರಬೇಕು. ಅವನು ಪಡೆಯಬಹುದಾದ ಸೇವಾಶುಲ್ಕದ ಮಿತಿ ೩೦,೦೦೦ ರೂಪಾಯಿ ಮತ್ತು ಅದರ ಮೇಲಣ ತೆರಿಗೆ, ಅದಕ್ಕೂ ರಸೀದಿ. ಇ-ಮೈಗ್ರೇಟ್ ತಾಣದಲ್ಲಿ ಅವನ ಹೆಸರನ್ನು ನೋಡದೆ ಪಾಸ್‌ಪೋರ್ಟನ್ನು ಕೈಗೆ ಕೊಡಬಾರದು. ಎಸ್.ಎಸ್.ಎಲ್.ಸಿ. ಪಾಸಾಗದವರು ಅಲ್ಲಿಗೆ ದುಡಿಯಲು ಹೋಗುವುದಾದರೆ ಸಾಮಾನ್ಯವಾಗಿ ವಲಸೆ ಅನುಮತಿಯೂ ಬೇಕು. "ಪ್ರವಾಸಿ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ" ಎಂಬವನು ಆ ರಕ್ಷಣೆಯನ್ನೇ ತಪ್ಪಿಸುತ್ತಾನೆ. ಥಾಯ್ಲೆಂಡಿನಲ್ಲಿ ಒಳ್ಳೆಯ ಸಂಬಳವೆಂದು ನಂಬಿ ಹೊರಟ ಭಾರತೀಯ ತರುಣರನ್ನು ೨೦೨೨ರಲ್ಲಿ ಗಡಿ ದಾಟಿಸಿ ಮ್ಯಾನ್ಮಾರಿಗೆ ಸಾಗಿಸಿದ ವಂಚಕರೂ ಮೊದಲು ತೋರಿಸಿದ್ದು ಸಂಬಳದ ಆಸೆಯನ್ನೇ.

ಹೊಸ ಕೆಲಸ ಕೈಗೂಡಿದಾಗ ಭವಿಷ್ಯನಿಧಿಯ ಯು.ಎ.ಎನ್. ಸಂಖ್ಯೆಯನ್ನು ಹೊಸ ಧಣಿಗೆ ಕೊಟ್ಟು ಹಳೆಯ ಖಾತೆಯನ್ನು ವರ್ಗಾಯಿಸಿಕೊಳ್ಳಿ. ತೆಗೆದು ಖರ್ಚು ಮಾಡಿದರೆ ಪಿಂಚಣಿಗೆ ಬೇಕಾದ ೧೦ ವರ್ಷದ ಸೇವೆ ಕೂಡಿಬರುವುದಿಲ್ಲ. ಹಳೆಯ ಧಣಿಯಿಂದ ಸೇವಾಪತ್ರವನ್ನೂ ಬರೆಯಿಸಿಕೊಳ್ಳಿ. ಅದನ್ನು ಕೊಡಲು ಹಿಂದೆಮುಂದೆ ನೋಡುವ ಧಣಿಗಳೂ ಈ ಪತ್ರಿಕೆಯನ್ನು ಓದುತ್ತಾರೆಂಬುದನ್ನು ನಾವು ಬಲ್ಲೆವು. ಒಂದು ಹಾಳೆ, ಒಂದು ಸಹಿ. ಅದರಿಂದ ಅವರ ಗಲ್ಲಾ ಬರಿದಾಗದು.