ಅಕ್ಕಂದಿರು ಹಾಕುವ ಹೆಪ್ಪು

ಮೊಟ್ಟೆಯಿಂದ ಹೊರಬಿದ್ದ ಜೇನುಮರಿಗೆ ಇರುವುದು ಒಂದೇ ಕೆಲಸ, ತಿನ್ನುವುದು. ಆರು ದಿನಗಳೊಳಗೆ ಅದರ ತೂಕ ಸಾವಿರ ಪಟ್ಟಿಗೂ ಮೀರಿ ಏರುತ್ತದೆ. ಇಷ್ಟೆಲ್ಲ ತಿಂದರೂ ಅಷ್ಟು ದಿನ ಅದು ಒಂದು ಬಾರಿಯೂ ಹೊರಕಡೆಗೆ ಹೋಗುವುದಿಲ್ಲ. ಹೋಗಲು ದಾರಿಯೇ ಇಲ್ಲ. ಮರಿಹುಳುವಿನ ನಡುಗರುಳು ಒಂದು ತುದಿಯಲ್ಲಿ ಮುಚ್ಚಿದ ಚೀಲ. ಹಿಂಗರುಳಿಗೂ ಅದಕ್ಕೂ ಇನ್ನೂ ಸಂಪರ್ಕ ಏರ್ಪಟ್ಟಿರುವುದಿಲ್ಲ. ಮರಿ ಬಿದ್ದುಕೊಂಡಿರುವುದು ತನ್ನ ಊಟದ ಮೇಲೆಯೇ ಆದ್ದರಿಂದ ಇದು ಒಳ್ಳೆಯ ಏರ್ಪಾಡು. ದಾದಿ ನೊಣಗಳು ಎರಿಯ ಕೋಣೆಗೆ ಮೇಣದ ಮುಚ್ಚಳ ಹಾಕಿದ ಮೇಲಷ್ಟೇ ಎರಡೂ ಕರುಳು ಕೂಡಿಕೊಳ್ಳುತ್ತವೆ, ಮರಿ ತನ್ನ ಬಾಲ್ಯದ ಕಸವನ್ನೆಲ್ಲ ಒಮ್ಮೆಲೇ ಹೊರಹಾಕುತ್ತದೆ.

ಈ ಮುಚ್ಚಿದ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಎಷ್ಟಿವೆ? 1971ರಲ್ಲಿ ಅಮೆರಿಕದ ಸೂಕ್ಷ್ಮಜೀವಿ ತಜ್ಞೆ ಮಾರ್ತಾ ಗಿಲ್ಲಿಯಂ ಇದನ್ನು ಪರೀಕ್ಷಿಸಿ, ಎಳೆಯ ಜೇನಿನ ಕರುಳು ಬಹುಮಟ್ಟಿಗೆ ನಿರ್ಜೀವಾಣು ಎಂದು ಬರೆದರು. ಮುಂದೆ ಡಿಎನ್‌ಎ ಓದುವ ತಂತ್ರಗಳು ಬಂದ ಮೇಲೆ ಆ ಮಾತಿಗೆ ಒಂದಿಷ್ಟು ತಿದ್ದುಪಡಿ ಬೇಕಾಯಿತು. ಪೂರ್ತಿ ಖಾಲಿಯೇನಲ್ಲ, ಅಲ್ಲೊಂದು ಇಲ್ಲೊಂದು ಒಕ್ಕಲಿದೆ. ಆದರೆ ಬಲಿತ ನೊಣದ ಕರುಳಿನಲ್ಲಿ ನೂರು ಕೋಟಿಯ ಆಸುಪಾಸಿನಲ್ಲಿ ಬ್ಯಾಕ್ಟೀರಿಯಾಗಳಿರುತ್ತವೆ. ಅದಕ್ಕೆ ಹೋಲಿಸಿದರೆ ಮರಿಯದು ಬಂಜರು ಭೂಮಿ.

ಹಾಗಾಗಲು ಊಟವೂ ಒಂದು ಕಾರಣ. ದಾದಿ ನೊಣಗಳು ತಲೆಯ ಗ್ರಂಥಿಗಳಿಂದ ಸುರಿಸುವ ರಾಯಲ್ ಜೆಲ್ಲಿ ಹುಳಿ ಪದಾರ್ಥ. ಅದರಲ್ಲಿ ಬ್ಯಾಕ್ಟೀರಿಯಾಗಳನ್ನು ಹತ್ತಿಕ್ಕುವ ಕೊಬ್ಬಿನಾಮ್ಲವೂ ಇದೆ, ಡಿಫೆನ್ಸಿನ್ ಎಂಬ ಪುಟ್ಟ ಪ್ರೋಟೀನೂ ಇದೆ. ಇದನ್ನು ಸಹಿಸಿಕೊಂಡು ಸೊಗಸಾಗಿ ಬಾಳುವ ಕೆಲವೇ ಜೀವಿಗಳಲ್ಲಿ ಬೊಂಬೆಲ್ಲಾ ಏಪಿಸ್ ಎಂಬ ಬ್ಯಾಕ್ಟೀರಿಯಾ ಮುಖ್ಯವಾದುದು. ದಾದಿಯ ಗ್ರಂಥಿ, ರಾಯಲ್ ಜೆಲ್ಲಿ, ಮರಿಯ ಕರುಳು, ರಾಣಿಯ ಕರುಳು ಎಲ್ಲ ಕಡೆಯೂ ಇದು ಸಿಗುತ್ತದೆ. ಪ್ರಯೋಗಾಲಯದಲ್ಲಿ ಇದು ಆಸ್ಪರ್ಜಿಲಸ್‌ನಂತಹ ಬೂಸುಗಳ ಬೆಳವಣಿಗೆಯನ್ನು ತಡೆಯಿತು. 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತೂ ಸ್ವಾರಸ್ಯಕರ. ಕಳಪೆ ಆಹಾರದಲ್ಲಿ ಬೆಳೆಸಿದ ಮರಿಗಳಿಗೆ ಬೊಂಬೆಲ್ಲಾ ಸೇರಿಸಿದಾಗ ಅವು ಚೆನ್ನಾಗಿ ಬೆಳೆದವು. ಕೊರತೆಯಾಗಿದ್ದ ಲೈಸಿನ್ ಎಂಬ ಅಮೈನೋ ಆಮ್ಲವನ್ನು ಆ ಬ್ಯಾಕ್ಟೀರಿಯಾವೇ ತಯಾರಿಸಿ ಕೊಡುತ್ತಿತ್ತು. ಹೂವಿಲ್ಲದ ದಿನಗಳಲ್ಲಿ ಇಂಥ ನೆಂಟ ಮನೆಯಲ್ಲಿದ್ದರೆ ಬೇಡವೆನ್ನುವವರು ಯಾರು?

ಮುಚ್ಚಳದ ಒಳಗೆ ಮರಿ ಪ್ಯೂಪಾ ಆಗುತ್ತದೆ. ಹಳೆಯ ಕರುಳಿನ ಒಳಪದರ ಕಳಚಿಹೋಗಿ ಹೊಸದು ಕಟ್ಟಿಕೊಳ್ಳುತ್ತದೆ, ಇದ್ದಬದ್ದ ಸೂಕ್ಷ್ಮಜೀವಿಗಳೂ ಅದರೊಂದಿಗೆ ಹೋಗುತ್ತವೆ. ಮೊಟ್ಟೆಯಿಟ್ಟ ಇಪ್ಪತ್ತೊಂದನೆಯ ದಿನ ಮೇಣ ಕಡಿದು ಹೊರಬರುವ ಕೆಲಸಗಾರ ನೊಣದ ಹೊಟ್ಟೆ ಮತ್ತೆ ಹೆಚ್ಚುಕಡಿಮೆ ಖಾಲಿ.

ಇನ್ನು ನಾಲ್ಕರಿಂದ ಆರು ದಿನ. ಅಷ್ಟರಲ್ಲಿ ಅದೇ ಕರುಳು ತುಂಬಿಹೋಗಿರುತ್ತದೆ, ಅದೂ ಕಂಡಕಂಡ ಜೀವಿಗಳಿಂದಲ್ಲ. ಎಂಟೊಂಬತ್ತು ಬಗೆಯ ಬ್ಯಾಕ್ಟೀರಿಯಾಗಳೇ ಒಟ್ಟು ಸಂಖ್ಯೆಯ ಶೇ 95ಕ್ಕೂ ಹೆಚ್ಚು. ಯುರೋಪಿನ ಜೇನಿನಲ್ಲಾಗಲಿ, ಅಮೆರಿಕದ ಪೆಟ್ಟಿಗೆಯಲ್ಲಾಗಲಿ, ಅವೇ ಕುಲಗಳು. ಮನುಷ್ಯರಲ್ಲಿ ಇಬ್ಬರ ಕರುಳು ಒಂದರಂತೆ ಒಂದಿರುವುದಿಲ್ಲ ಎಂಬುದನ್ನು ನೆನೆದರೆ, ಜೇನಿನ ಈ ಶಿಸ್ತು ಆಶ್ಚರ್ಯ ಹುಟ್ಟಿಸುತ್ತದೆ.

ಎಲ್ಲಿಂದ ಬರುತ್ತವೆ ಇವು? ತಾಯಿಯಿಂದಲ್ಲ. ರಾಣಿಯ ಕರುಳಿನ ಸಂಸಾರವೇ ಬೇರೆ. ಕೆಲಸಗಾರರಲ್ಲಿ ಕಾಣುವ ಪ್ರಮುಖ ಜಾತಿಗಳು ಅವಳಲ್ಲಿ ಇಲ್ಲವೆನ್ನುವಷ್ಟು ವಿರಳ. 2014ರಲ್ಲಿ ಅಮೆರಿಕದಲ್ಲಿ ನ್ಯಾನ್ಸಿ ಮೊರಾನ್ ಅವರ ತಂಡ ಇದನ್ನು ಕ್ರಮವಾಗಿ ಪರೀಕ್ಷಿಸಿತು. ಆಗತಾನೆ ಹುಟ್ಟಿದ ನೊಣಗಳಲ್ಲಿ ಕೆಲವನ್ನು ದಾದಿಗಳ ಜೊತೆ ಬಿಟ್ಟರು, ಕೆಲವಕ್ಕೆ ಹಳೆಯ ನೊಣಗಳ ಹಿಂಗರುಳಿನ ವಸ್ತುವನ್ನು ತಿನ್ನಿಸಿದರು, ಇನ್ನು ಕೆಲವಕ್ಕೆ ಬಾಯಿಂದ ಬಾಯಿಗೆ ಬರುವ ತುತ್ತು ಮಾತ್ರ ಸಿಗುವಂತೆ ಮಾಡಿದರು. ಬಾಯಿತುತ್ತಿನಿಂದ ಕೆಲಸ ಆಗಲಿಲ್ಲ. ದಾದಿಗಳ ಒಡನಾಟ ಮತ್ತು ಮಲ, ಇವೆರಡೇ ಪೂರ್ಣ ಬಳಗವನ್ನು ದಾಟಿಸಿದವು. ಕೇಳಲು ಹೇಸಿಗೆ ಅನಿಸಬಹುದು, ಆದರೆ ನಿನ್ನೆಯ ಮೊಸರಿನ ಒಂದು ಚಮಚೆಯಿಂದ ಇಂದಿನ ಹಾಲು ಹೆಪ್ಪಾಗುವಂತೆ, ಗೂಡಿನ ಹೆಪ್ಪು ಅಕ್ಕಂದಿರಿಂದ ತಂಗಿಯರಿಗೆ ತಪ್ಪದೆ ಸಾಗುತ್ತಿದೆ. 2017ರ ಒಂದು ಅಧ್ಯಯನದ ಲೆಕ್ಕದಲ್ಲಿ ಇದು ಸುಮಾರು ಎಂಟು ಕೋಟಿ ವರ್ಷಗಳಿಂದ ನಡೆದುಬಂದ ಒಡನಾಟ. ಹೆಜ್ಜೇನು, ನಮ್ಮ ತುಡುವೆ, ಬಂಬಲ್ ಜೇನು, ಚುಚ್ಚದ ಮುಜಂಟಿಗಳ ಕರುಳಿನಲ್ಲೂ ಇದೇ ಮೂಲಬಳಗದ ಬಂಧುಗಳು ಸಿಗುತ್ತವೆ.

ಒಳಗೆ ಹೋದವು ತಮ್ಮ ತಮ್ಮ ಜಾಗ ಹಿಡಿಯುತ್ತವೆ. ಸ್ನಾಡ್‌ಗ್ರಾಸೆಲ್ಲಾ ಆಲ್ವಿ ಹಿಂಗರುಳಿನ ಗೋಡೆಗೆ ಅಂಟಿ ಕೂರುತ್ತದೆ. ಜೇನಿನ ಅಂಗರಚನೆಯ ಬಗ್ಗೆ 1910ರಲ್ಲೇ ಗ್ರಂಥ ಬರೆದ ರಾಬರ್ಟ್ ಸ್ನಾಡ್‌ಗ್ರಾಸ್ ಅವರ ಗೌರವಾರ್ಥ ಇಟ್ಟ ಹೆಸರು ಅದು. ಸಕ್ಕರೆ ಅದಕ್ಕೆ ಬೇಡ. ಬೇರೆಯವು ಉಳಿಸಿದ ಆಮ್ಲಗಳನ್ನು ತಿಂದು, ಗೋಡೆಯಿಂದ ಒಸರುವ ಆಮ್ಲಜನಕವನ್ನು ಬಳಸಿ ಮುಗಿಸುತ್ತದೆ. ಆಮ್ಲಜನಕ ಒಗ್ಗದ ಉಳಿದವುಗಳಿಗೆ ಇದರಿಂದ ಅನುಕೂಲ. ಅದರ ಮೇಲೆ ಗಿಲ್ಲಿಯಮೆಲ್ಲಾ ಏಪಿಕೋಲಾ. ಈ ಹೆಸರು ನಾವು ಮೊದಲೇ ಕಂಡ ಮಾರ್ತಾ ಗಿಲ್ಲಿಯಂ ಅವರದು. ಇದು ಪರಾಗದ ಗೋಡೆಯ ಪೆಕ್ಟಿನ್ ಒಡೆಯುತ್ತದೆ, ಜೇನಿಗೆ ವಿಷವಾಗುವ ಮ್ಯಾನೋಸ್ ಎಂಬ ಸಕ್ಕರೆಯನ್ನೂ ಕರಗಿಸಬಲ್ಲದು. ಇನ್ನೂ ಹಿಂದೆ, ಮಲಾಶಯದಲ್ಲಿ, ಲ್ಯಾಕ್ಟೋಬ್ಯಾಸಿಲಸ್ ಮತ್ತು ಬೈಫಿಡೋಬ್ಯಾಕ್ಟೀರಿಯಂ ಬಳಗದವರು ಗಿಜಿಗುಡುತ್ತಾರೆ.

ಈ ಒಕ್ಕಲು ಇಲ್ಲದಿದ್ದರೆ ಏನಾಗುತ್ತದೆ? 2017ರ ಒಂದು ಪ್ರಯೋಗದಲ್ಲಿ ಬ್ಯಾಕ್ಟೀರಿಯಾ ಇಲ್ಲದೆ ಬೆಳೆಸಿದ ನೊಣಗಳು ತೂಕದಲ್ಲಿ ಹಿಂದೆ ಬಿದ್ದವು. ಅವುಗಳ ಇನ್ಸುಲಿನ್ ಸಂಕೇತಗಳೂ ಸಿಹಿ ಗುರುತಿಸುವ ಚುರುಕೂ ಬದಲಾಗಿದ್ದವು. ಕರುಳಿನ ಬ್ಯಾಕ್ಟೀರಿಯಾಗಳು ಮೈವಾಸನೆಯನ್ನೂ ತಿದ್ದುತ್ತವೆ, ಬಾಗಿಲ ಕಾವಲು ನೊಣಗಳು ತಮ್ಮವರು ಯಾರು ಹೊರಗಿನವರು ಯಾರು ಎಂದು ಗುರುತಿಸುವುದರಲ್ಲಿ ಅದಕ್ಕೂ ಪಾಲಿದೆ ಎಂದು 2020ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು.

ಕಥೆಯಲ್ಲಿ ತೊಡಕು ಬರುವುದು ಔಷಧಿಯ ಬಾಟಲಿಯೊಂದಿಗೆ. ಮರಿಹುಳುಗಳನ್ನು ಕೊಳೆಸುವ ಅಮೆರಿಕನ್ ಫೌಲ್‌ಬ್ರೂಡ್ ಎಂಬ ರೋಗವಿದೆ. ಮೊದಲ ದಿನದ ಮರಿಯ ಹೊಟ್ಟೆಗೆ ಆ ರೋಗಾಣುವಿನ ಹತ್ತರ ಆಸುಪಾಸು ಬೀಜಕಣಗಳು ಸೇರಿದರೂ ಸಾಕು, ಅದು ಸಾಯಬಹುದು. ಬಲಿತ ನೊಣಕ್ಕೆ ಅದೇ ಬೀಜಕಣಗಳಿಂದ ಏನೂ ಆಗದು. ಇದಕ್ಕೆಂದು ಅಮೆರಿಕದಲ್ಲಿ ದಶಕಗಳ ಕಾಲ ಪೆಟ್ಟಿಗೆಗಳಿಗೆ ಆಕ್ಸಿಟೆಟ್ರಾಸೈಕ್ಲಿನ್ ಹಾಕಿದರು. ಅದು ಬೆಳೆಯುತ್ತಿರುವ ರೋಗಾಣುವನ್ನು ತಡೆಯುತ್ತದೆ, ಬೀಜಕಣಗಳನ್ನು ಕೊಲ್ಲುವುದಿಲ್ಲ. ಇದ್ದೂ ಇಲ್ಲದಂಥ ಬ್ಯಾಕ್ಟೀರಿಯಾ ಬಳಗದ ಮರಿಗೆ ಕೊಟ್ಟ ಮದ್ದು ಅಕ್ಕಂದಿರ ಭರ್ತಿ ಕರುಳಿಗೂ ತಗುಲುತ್ತದೆ. ಹಾಗೆ ಹಾಳಾದದ್ದು ಅವರ ಆರೋಗ್ಯವಷ್ಟೇ ಅಲ್ಲ, ಮುಂದೆ ಹುಟ್ಟುವ ತಂಗಿಯರ ಹೆಪ್ಪೂ.

2017ರಲ್ಲಿ ಟೆಕ್ಸಾಸ್‌ನಲ್ಲಿ ಸಂಶೋಧಕರ ಗುಂಪೊಂದು ಟೆಟ್ರಾಸೈಕ್ಲಿನ್ ಕುಡಿಸಿ ಗೂಡಿಗೆ ಮರಳಿಸಿದ ನೊಣಗಳ ಪೈಕಿ ಬದುಕಿ ಉಳಿದವು, ಮದ್ದು ಕಾಣದ ನೊಣಗಳಿಗಿಂತ ಗಮನಾರ್ಹವಾಗಿ ಕಡಿಮೆ. ಸೆರೇಷಿಯಾ ಎಂಬ ಅವಕಾಶವಾದಿ ರೋಗಾಣು ಅವುಗಳನ್ನು ಸುಲಭವಾಗಿ ಕೆಡವಿತು. ಮರುವರ್ಷ ಅದೇ ಗುಂಪು, ಕಳೆನಾಶಕ ಗ್ಲೈಫೋಸೇಟ್ ಕೂಡ ಸ್ನಾಡ್‌ಗ್ರಾಸೆಲ್ಲಾವನ್ನು ಕುಗ್ಗಿಸುತ್ತದೆ ಎಂದು ವರದಿ ಮಾಡಿತು. ಮದ್ದು ಹಾಕುತ್ತಾ ಬಂದ ಅಮೆರಿಕದ ಜೇನುಗಳ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಟೆಟ್ರಾಸೈಕ್ಲಿನ್ ನಿರೋಧಕ ಜೀನುಗಳು ಹೇರಳವಾಗಿದ್ದುದನ್ನು 2012ರಲ್ಲೇ ಕಂಡಿದ್ದರು. ಇಂಥ ಔಷಧಿ ಬಳಸದ ದೇಶಗಳ ಜೇನುಗಳಲ್ಲಿ ಅವು ತೀರ ವಿರಳ.

ನಮ್ಮಲ್ಲಿ ತುಡುವೆಗೆ ಬಿದ್ದ ದೊಡ್ಡ ಪೆಟ್ಟು ಬೇರೆ ತರಹದ್ದು. ತೊಂಬತ್ತರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ಕೊಡಗು ಸೇರಿದಂತೆ ದಕ್ಷಿಣ ಭಾರತದ ಜೇನುಪೆಟ್ಟಿಗೆಗಳನ್ನು ಬರಿದು ಮಾಡಿತು. ಅದೂ ಮರಿಗಳದೇ ರೋಗ, ಆದರೆ ವೈರಸ್ಸಿನದು. ಯಾವ ಆಂಟಿಬಯೋಟಿಕ್ಕೂ ಅದನ್ನು ಮುಟ್ಟುವುದಿಲ್ಲ. ಇಷ್ಟಾಗಿಯೂ 2010ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಮಾರುಕಟ್ಟೆಯ ಜೇನುತುಪ್ಪ ಪರೀಕ್ಷಿಸಿದಾಗ ಬಹುತೇಕ ಮಾದರಿಗಳಲ್ಲಿ ಆಂಟಿಬಯೋಟಿಕ್ ಅಂಶ ಸಿಕ್ಕಿತ್ತು.

ಆದ್ದರಿಂದ ಜೇನು ಸಾಕುವವರಲ್ಲಿ ಒಂದು ವಿನಂತಿ. ಎರಿಯಲ್ಲಿ ಸತ್ತ ಮರಿಗಳು ಕಂಡರೆ ಸಕ್ಕರೆ ಪಾಕಕ್ಕೆ ಔಷಧಿಯ ಪುಡಿ ಬೆರೆಸುವ ಮೊದಲು ಒಂದು ಕಡ್ಡಿ ಚುಚ್ಚಿ ಮೇಲೆತ್ತಿ ನೋಡಿ. ಕಂದು ಅಂಟು ದಾರದಂತೆ ಎಳೆದುಕೊಂಡು ಬಂದರೆ ಫೌಲ್‌ಬ್ರೂಡ್ ಇರಬಹುದು. ತಲೆ ಮೇಲೆತ್ತಿಕೊಂಡು ನೀರು ತುಂಬಿದ ಚೀಲದಂತೆ ಮಲಗಿದ್ದರೆ ಸ್ಯಾಕ್‌ಬ್ರೂಡ್. ಎರಡರಲ್ಲಿ ಯಾವುದೆಂದು ಖಚಿತವಾಗದಿದ್ದರೆ ಆ ಎರಿಯ ತುಂಡನ್ನು ಹತ್ತಿರದ ಕೃಷಿ ವಿಶ್ವವಿದ್ಯಾಲಯದ ಜೇನು ವಿಭಾಗಕ್ಕೆ ತೋರಿಸಿ, ಔಷಧಿಯ ಮಾತು ಆಮೇಲೆ.